ವರ್ಮಾಂಟ್‌ನಲ್ಲಿ ವೇಕ್‌ಸರ್ಫಿಂಗ್: ಬೋಟ್ ನೀರಿಗಿಳಿಸುವ ಮುಂಚೆ

ಬೇಸಿಗೆ ಬಂತೆಂದರೆ ಬಾಸ್ಟನ್, ನ್ಯೂಜೆರ್ಸಿ ಕಡೆಯ ಕನ್ನಡಿಗರಲ್ಲಿ ಕೆಲವರು ಅಮೆರಿಕದ ವರ್ಮಾಂಟ್ ರಾಜ್ಯದ ಸರೋವರಗಳತ್ತ ಕಾರು ತಿರುಗಿಸುತ್ತಾರೆ. ಬೋಟ್ ಎಬ್ಬಿಸುವ ಅಲೆಯ ಮೇಲೆ, ಹಗ್ಗ ಬಿಟ್ಟು ಹಲಗೆಯಲ್ಲಿ ತೇಲುವ ವೇಕ್‌ಸರ್ಫಿಂಗ್ ಆಸೆ ಇದ್ದರೆ ಸ್ವಲ್ಪ ತಾಳಿ. ಅಲ್ಲಿ 2024ರ ಏಪ್ರಿಲ್‌ನಿಂದ ಇದಕ್ಕೆಂದೇ ಪ್ರತ್ಯೇಕ ನಿಯಮ ಇದೆ.

ಮೊದಲು ಬೋಟ್ ನೋಡಿ. ಅಲೆ ದೊಡ್ಡದಾಗಲಿ ಎಂದು ನೀರು ತುಂಬಿಸುವ ಬ್ಯಾಲಸ್ಟ್ ಟ್ಯಾಂಕ್, ಚೀಲ ಅಥವಾ ಅಂಥ ಸಾಧನ ಇದ್ದರೆ ಅದು ವೇಕ್‌ಬೋಟ್. ಟ್ಯಾಂಕ್ ಖಾಲಿ ಇಟ್ಟುಕೊಂಡು, ಯಾರನ್ನೂ ಅಲೆ ಮೇಲೆ ನಿಲ್ಲಿಸದೆ ಸುಮ್ನೆ ಸುತ್ತಾಡಿದರೆ ಅದು ಸಾಮಾನ್ಯ ಮೋಟಾರ್ ಬೋಟ್ ಓಡಿಸಿದ ಲೆಕ್ಕ. ಟ್ಯಾಂಕ್ ತುಂಬಿಸಿದ ಕ್ಷಣ ಲೆಕ್ಕ ಬದಲಾಗುತ್ತದೆ.

ಆಮೇಲೆ ಜಾಗ. ಎಲ್ಲ ಕಡೆಯಿಂದಲೂ ದಡಕ್ಕೆ ಕನಿಷ್ಠ 500 ಅಡಿ ದೂರ, 20 ಅಡಿ ಆಳ, 200 ಅಡಿ ಅಗಲ, ಒಂದೇ ತುಂಡಾಗಿ 50 ಎಕರೆ ನೀರು. ಇಷ್ಟೂ ಸಿಕ್ಕಿದ ಕಡೆ ಮಾತ್ರ ಆಟ. ನಿಯಮ ಬಂದಾಗ ಇದಕ್ಕೆ ಹೊಂದಿದ ಸರೋವರಗಳು ಸುಮಾರು 30 ಮಾತ್ರ. ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆಯ ವೆಬ್‌ಸೈಟ್‌ನಲ್ಲಿ ನಕ್ಷೆಗಳಿವೆ. ಹೊರಡುವ ಮುಂಚೆ ಫೋನಿನಲ್ಲಿ ಇಳಿಸಿಕೊಳ್ಳಿ.

ಇಷ್ಟು ಕಟ್ಟುನಿಟ್ಟು ಯಾಕೆ? ಟ್ಯಾಂಕ್ ತುಂಬಿದ ಬೋಟ್ ಹಿಂಬದಿ ತಗ್ಗಿಸಿ, ಮೂತಿ ಎತ್ತಿಕೊಂಡು ನಿಧಾನವಾಗಿ ಓಡುತ್ತದೆ. ಆಗ ಪ್ರೊಪೆಲ್ಲರ್ ನೀರನ್ನು ಕೆಳಕ್ಕೆ ತಳ್ಳುತ್ತದೆ. ಆಳ ಕಡಿಮೆ ಇದ್ದರೆ ತಳದ ಕೆಸರು ಎದ್ದು, ಅದರಲ್ಲಿರುವ ರಂಜಕ ನೀರಿಗೆ ಸೇರಿ ಪಾಚಿ ಬೆಳೆಯುವ ಭಯ. ಮೇಲಿನ ಅಲೆಯೂ ಬೇಗ ಸಾಯುವುದಿಲ್ಲ. ಮಿನೆಸೋಟಾ ವಿಶ್ವವಿದ್ಯಾಲಯದವರು 2022ರಲ್ಲಿ ಅಳೆದು ನೋಡಿದಾಗ, ಈ ಅಲೆ ಮಾಮೂಲಿ ಬೋಟಿನ ಅಲೆಯ ಮಟ್ಟಕ್ಕೆ ಇಳಿಯಲು 500 ಅಡಿಗಿಂತ ಜಾಸ್ತಿ ದೂರ ಬೇಕಾಯಿತು. ಹಾಗಾಗಿ 500 ಅಡಿ ಅತಿಯಾಯಿತು ಎಂದು ಗೊಣಗುವವರ ಮಾತು ನನಗಂತೂ ಒಪ್ಪಿಗೆಯಿಲ್ಲ.

ಜನ ಎಡವುವುದು ಮುಂದಿನ ಹಂತದಲ್ಲಿ. ಪ್ರತಿ ವೇಕ್‌ಬೋಟಿಗೂ ಆ ವರ್ಷಕ್ಕೆ ಒಂದು ‘ತವರು ಸರೋವರ’ ಘೋಷಿಸಬೇಕು. ಬೇರೆ ಸರೋವರಕ್ಕೆ ಇಳಿಸುವ ಮುಂಚೆ, ಮತ್ತೆ ತವರಿಗೆ ಬರುವ ಮುಂಚೆ, ಇಲಾಖೆ ಒಪ್ಪಿದವರ ಹತ್ತಿರ ಬೋಟನ್ನು ಶುದ್ಧಿ ಮಾಡಿಸಬೇಕು. ಬ್ಯಾಲಸ್ಟ್ ಟ್ಯಾಂಕ್ ಎಷ್ಟು ಬಸಿದರೂ ತಳದಲ್ಲಿ ಒಂದಿಷ್ಟು ನೀರು ಉಳಿದೇ ಉಳಿಯುತ್ತದೆ. ಹೊರಗಿನಿಂದ ಬಂದು ಸರೋವರ ಹಾಳುಮಾಡುವ ಜೀಬ್ರಾ ಚಿಪ್ಪಿನ (zebra mussel) ಮರಿಗಳು ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗಲು ಅಷ್ಟು ಸಾಕು. ಟ್ಯಾಂಕ್ ಖಾಲಿ ಎಂಬ ನೆಪ ಇಲ್ಲಿ ನಡೆಯುವುದಿಲ್ಲ.

ಓಡಿಸುವವರು 1974ರ ಜನವರಿ 1ರ ನಂತರ ಹುಟ್ಟಿದ್ದರೆ ಬೋಟಿಂಗ್ ಸುರಕ್ಷತಾ ಕೋರ್ಸ್ ಪಾಸಾಗಿರಬೇಕು. ಲೈಫ್ ಜಾಕೆಟ್ ತೊಡಿ. ಹಿಂದೆ ಇರುವವರ ಮೇಲೆ ಕಣ್ಣಿಡಲು ಚಾಲಕರ ಜೊತೆ ಇನ್ನೊಬ್ಬರು ಬೋಟಿನಲ್ಲಿ ಇರಲಿ. ಪ್ರೊಪೆಲ್ಲರ್ ಹಿಂಬದಿಯಲ್ಲಿ ಹೊರಗೆ ನೇತಾಡುವ ಔಟ್‌ಬೋರ್ಡ್ ಬೋಟಿನಲ್ಲಿ ಸರ್ಫಿಂಗ್ ಬೇಡವೇ ಬೇಡ, ಸವಾರ ಬೋಟಿಗೆ ಅಷ್ಟು ಹತ್ತಿರ ಇರುತ್ತಾನೆ. ಅದೇ ಕಾರಣಕ್ಕೆ ಎಂಜಿನ್ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಕೂಡ ಅಪಾಯ. ಬೋಟ್ ನಿಂತಾಗ ಎಂಜಿನ್ ಆಫ್ ಮಾಡಿ.

ಹತ್ತಿರದ ಬೇರೆ ರಾಜ್ಯಗಳಿಗೆ ಹೋದರೆ ಇದೇ ಅಳತೆ ಹಿಡಿದು ಕೂರಬೇಡಿ. ಮೇನ್‌ನಲ್ಲಿ ದಡದಿಂದ 300 ಅಡಿ, ಆಳ 15 ಅಡಿ. ಬೋಟ್ ಬಾಡಿಗೆಗೆ ತೆಗೆದುಕೊಳ್ಳುವವರು ತವರು ಸರೋವರ ಯಾವುದು, ಶುದ್ಧಿ ಮಾಡಿಸಿದ ದಾಖಲೆ ಇದೆಯಾ ಎಂದು ಮುಂಗಡ ಕೊಡುವ ಮುಂಚೆಯೇ ಕೇಳಿಬಿಡಿ.