ಐಸಿಯು ಡ್ಯೂಟಿಯ ಬರ್ನೌಟ್: ಗುರುತಿಸಿದ್ದು ಹೇಗೆ, ಚೇತರಿಸಿಕೊಂಡದ್ದು ಹೇಗೆ

ಡ್ಯೂಟಿ ಮುಗಿಸುವ ನರ್ಸ್ ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್ ಕೊಡುವಾಗ ರೋಗಿಯ ಹೆಸರು ಬಾಯಿಗೆ ಬರುವುದು ನಿಂತರೆ ಎಚ್ಚೆತ್ತುಕೊಳ್ಳಬೇಕು. "ಆರನೇ ಬೆಡ್‌ಗೆ ಸಕ್ಷನ್ ಜಾಸ್ತಿ ಬೇಕು, ಎಂಟನೇ ಬೆಡ್ ರಾತ್ರಿಯೆಲ್ಲಾ ಕಾಟ" ಅನ್ನುವಷ್ಟಕ್ಕೇ ಮಾತು ಮುಗಿದರೆ ಅದನ್ನು ಬರೀ ಸುಸ್ತು ಎಂದು ತಳ್ಳಿಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ಐಸಿಡಿ-11 ಎಂಬ ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣ ಪಟ್ಟಿಯಲ್ಲಿ ಬರ್ನೌಟ್‌ಗೆ ಮೂರು ಗುರುತು ಹೇಳಿದೆ: ಶಕ್ತಿಯೆಲ್ಲ ಸೋರಿಹೋದ ಭಾವ, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ಜಿಗುಪ್ಸೆ, ತನ್ನಿಂದ ಸರಿಯಾಗಿ ಕೆಲಸ ಆಗುತ್ತಿಲ್ಲ ಎಂಬ ಅನಿಸಿಕೆ. ಅದರ ಪ್ರಕಾರ ಇದು ಕಾಯಿಲೆಯಲ್ಲ, ಕೆಲಸದ ಜಾಗದಲ್ಲಿ ದೀರ್ಘಕಾಲ ನಿಭಾಯಿಸಲಾಗದೆ ಉಳಿದ ಒತ್ತಡದ ಫಲ. ಹಾಗಾಗಿ ಚೇತರಿಕೆಯ ಅರ್ಧ ಕೆಲಸ ನಮ್ಮ ಮೈಮೇಲೆ, ಇನ್ನರ್ಧ ರೋಸ್ಟರ್ (ಡ್ಯೂಟಿ ಪಟ್ಟಿ) ಮೇಲೆ ನಡೆಯಬೇಕು. ರಜೆ ಹಾಕಿ ಬಂದು ಮತ್ತೆ ಅದೇ ರೋಸ್ಟರ್‌ಗೆ ಸೇರಿಕೊಂಡರೆ ಕೆಲವೇ ವಾರದಲ್ಲಿ ಇದ್ದಲ್ಲಿಗೇ ಬರುತ್ತೇವೆ.

ನಾನು ಮೊದಲು ಮಾಡಿದ್ದು 14 ದಿನದ ಲೆಕ್ಕ. ಜೇಬಿಗೆ ಹಿಡಿಸುವ ಡೈರಿಯಲ್ಲಿ ಪ್ರತಿ ಡ್ಯೂಟಿ ಮುಗಿದಾಗ ಮೂರು ಅಂಕೆ, ತಲಾ 0ಯಿಂದ 10: ಮೈಯಲ್ಲಿ ಉಳಿದ ಶಕ್ತಿ ಎಷ್ಟು, ರೋಗಿ ಮತ್ತು ಅವರ ಕಡೆಯವರೊಂದಿಗೆ ಎಷ್ಟು ಸಮಾಧಾನದಿಂದ ಮಾತಾಡಿದೆ, ಮಾಡಿದ ಕೆಲಸದ ಮೇಲೆ ಎಷ್ಟು ಭರವಸೆಯಿದೆ. ಜೊತೆಗೆ ಇನ್ನೊಂದು ಎಣಿಕೆ: ಒಮ್ಮೆ ನೋಡಿ ಸರಿಯಿದೆ ಎಂದು ಗೊತ್ತಿದ್ದ ಇನ್‌ಫ್ಯೂಷನ್ ಪಂಪ್‌ನ (ರಕ್ತನಾಳಕ್ಕೆ ನಿಗದಿತ ವೇಗದಲ್ಲಿ ಮದ್ದು ಹರಿಸುವ ಯಂತ್ರ) ರೇಟನ್ನು ಅನುಮಾನದಿಂದ ಎಷ್ಟು ಬಾರಿ ಮತ್ತೆ ಹೋಗಿ ನೋಡಿದೆ. ಯೂನಿಫಾರ್ಮ್ ಬದಲಿಸುವ ಮುಂಚೆಯೇ ಬರೆಯಬೇಕು. ಮನೆಗೆ ಹೋಗಿ ಬರೆದರೆ ನಿದ್ದೆಯ ನಂತರದ ಮನಸ್ಸು ಅಂಕೆಯನ್ನು ಮೇಲಕ್ಕೆ ತಳ್ಳುತ್ತದೆ.

ಒತ್ತಡ ಮತ್ತು ಬರ್ನೌಟ್ ಬೇರೆ ಮಾಡಲು ಆಫ್ ದಿನವೂ ಶಕ್ತಿಯ ಅಂಕೆ ಬರೆದು ನೋಡಿ. ಎರಡು ದಿನ ಆಫ್ ಸಿಕ್ಕ ಮೇಲೆ ಶಕ್ತಿ 3ರಿಂದ 7ಕ್ಕೆ ಏರಿದರೆ ಅದು ಒತ್ತಡ. ಎರಡನೇ ಆಫ್‌ನ ಸಂಜೆಯೂ 3ರಲ್ಲೇ ನಿಂತಿದ್ದು, ಕುಕ್ಕರ್ ಕೂಗಿದರೆ ವೆಂಟಿಲೇಟರ್ ಅಲಾರಂ ಎಂದು ಎದೆ ಹಾರಿದರೆ ವಿಷಯ ಅದಕ್ಕಿಂತ ಮುಂದೆ ಹೋಗಿದೆ. ಕೆಲಸದ ಹೊರಗೂ ಏನೂ ರುಚಿಸದೆ, ಮಕ್ಕಳ ಮಾತೂ ಬೇಡವಾಗಿ, ಇದು ಎರಡು ವಾರ ಮೀರಿದರೆ ಖಿನ್ನತೆ ಇರಬಹುದು. ಆಗ ಡೈರಿ ಸಾಲದು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 10 ಅಥವಾ ಹೆಚ್ಚು ಬಂದರೆ ಮನೋವೈದ್ಯರ ಹತ್ತಿರ ಹೋಗಬೇಕು. ಸಾಯುವ ಯೋಚನೆ ಒಮ್ಮೆ ಸುಳಿದರೂ ಅಂಕ ಕೂಡಿಸುತ್ತಾ ಕೂರಬೇಡಿ, ಅವತ್ತೇ ಹೋಗಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ, ಹಗಲು ರಾತ್ರಿ, ದುಡ್ಡಿಲ್ಲದೆ ಮಾತಾಡಬಹುದು.

ನಂತರ ರಕ್ತ ಪರೀಕ್ಷೆ: ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ಖಾಲಿ ಹೊಟ್ಟೆಯ ಶುಗರ್. ದಿನಾ ಇನ್ನೊಬ್ಬರ ರಕ್ತ ತೆಗೆಯುವ ನಾವು ನಮ್ಮದನ್ನು ತೆಗೆಸುವುದಿಲ್ಲ, ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಗರ್ಭಿಣಿಯರಲ್ಲದ ಹೆಂಗಸರಲ್ಲಿ ಹಿಮೋಗ್ಲೋಬಿನ್ 12 ಗ್ರಾಂ/ಡೆಸಿಲೀಟರ್‌ಗಿಂತ ಕಡಿಮೆಯಿದ್ದರೆ ರಕ್ತಹೀನತೆ, ಅದರ ಸುಸ್ತನ್ನು ಯಾವ ಕೌನ್ಸೆಲಿಂಗೂ ಇಳಿಸದು. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದರೆ ಕಾಫಿ, ಟೀ ಜೊತೆ ನುಂಗಬೇಡಿ, ಸರಿಯಾಗಿ ಮೈಗೆ ಹತ್ತುವುದಿಲ್ಲ. ನಿಂಬೆ ಶರಬತ್ತಿನ ಜೊತೆ ತೆಗೆದುಕೊಳ್ಳಿ. ಹಾಗೆಯೇ, ನಿದ್ದೆ ಬಾರದೆಂದು ವಾರ್ಡಿನ ಸ್ಟಾಕ್‌ನಿಂದ ಆಲ್‌ಪ್ರಜೋಲಾಮ್ (ಆತಂಕ ಇಳಿಸಿ ಮಂಪರು ತರುವ ಮಾತ್ರೆ) ತೆಗೆದುಕೊಳ್ಳಬೇಡಿ. ಕೈಗೆ ಸುಲಭವಾಗಿ ಸಿಗುವುದೇ ಅದರ ಅಪಾಯ. ಕೆಲವೇ ವಾರದಲ್ಲಿ ಅದಿಲ್ಲದೆ ನಿದ್ದೆ ಬಾರದ ಸ್ಥಿತಿಗೆ ಬರಬಹುದು.

ನಿದ್ದೆ ಸರಿಹೋಗದೆ ಮುಂದಿನ ಯಾವ ಹೆಜ್ಜೆಯೂ ನಿಲ್ಲುವುದಿಲ್ಲ. ರಾತ್ರಿ 8ರಿಂದ ಬೆಳಿಗ್ಗೆ 8ರ ಡ್ಯೂಟಿಗೆ ನಾನು ಪಾಲಿಸಿದ ಕ್ರಮ ಹೀಗೆ. ಮೊದಲ ನೈಟ್‌ಗೆ ಮುಂಚೆ ಸಂಜೆ 4ರಿಂದ 5:30ರವರೆಗೆ ಒಂದೂವರೆ ಗಂಟೆ ಮಲಗುವುದು. ಊಟ ಮಧ್ಯರಾತ್ರಿಯೊಳಗೆ ಮುಗಿಸಿ, 3ರ ಹೊತ್ತಿಗೆ ಬಾಳೆಹಣ್ಣು ಅಥವಾ ಒಂದು ಹಿಡಿ ಹುರಿಗಡಲೆ ಮಾತ್ರ. ಆ ಹೊತ್ತಿಗೆ ಅನ್ನ ಉಂಡರೆ 4ರಿಂದ 6ರವರೆಗೆ ಕಣ್ಣು ಎಳೆಯುತ್ತದೆ, ಮದ್ದಿನ ಲೆಕ್ಕ ತಪ್ಪುವ ಭಯ ಹೆಚ್ಚುವುದೂ ಆಗಲೇ. ಕೊನೆಯ ಕಾಫಿ 2ಕ್ಕೆ. ಕುಡಿದ ಕೆಫೀನ್ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು, ಬೆಳಿಗ್ಗೆ 6ರ ಕಾಫಿ 10ರ ನಿದ್ದೆಯನ್ನು ತಿನ್ನುತ್ತದೆ. ಮನೆಗೆ ಹೋಗುವಾಗ ಕಪ್ಪು ಕನ್ನಡಕ. ಕಣ್ಣು ಮುಚ್ಚಿಬರುತ್ತಿದ್ದರೆ ಸ್ಕೂಟರ್ ಅಲ್ಲೇ ಬಿಟ್ಟು ಬಸ್ಸು ಹತ್ತಿ. ರಾಗಿ ಗಂಜಿಯೋ ಎರಡು ಇಡ್ಲಿಯೋ ತಿಂದು 10ರೊಳಗೆ ಹಾಸಿಗೆಗೆ. ಕಿಟಕಿಗೆ ಪರದೆ ಸಾಲದು, ಕಪ್ಪು ಬೆಡ್‌ಶೀಟ್ ಮಡಿಸಿ ಮೊಳೆಗೆ ಸಿಕ್ಕಿಸಿ. ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕೂತು, ಕಣ್ಣು ಭಾರವಾದಾಗಲೇ ವಾಪಸ್ ಬರಬೇಕು. ಹೊರಳಾಡುತ್ತಾ ಬಿದ್ದಿದ್ದರೆ ಹಾಸಿಗೆ ಕಂಡರೇ ಎಚ್ಚರವಾಗುವ ಅಭ್ಯಾಸ ಬೆಳೆಯುತ್ತದೆ. ಕೊನೆಯ ನೈಟ್ ಮುಗಿದ ದಿನ ಮಾತ್ರ ಮಧ್ಯಾಹ್ನ 1ಕ್ಕೇ ಎದ್ದು, ರಾತ್ರಿ 9:30ಕ್ಕೆ ಮಲಗುವುದು.

ರೋಸ್ಟರ್ ಹಾಕುವ ಇನ್‌ಚಾರ್ಜ್ ಮೇಡಂ ಹತ್ತಿರ ಹೋಗುವಾಗ ಡೈರಿಯ ಸಾರ ಒಂದೇ ಹಾಳೆಯಲ್ಲಿರಲಿ. "ನನ್ನ ಕೈಲಿ ಆಗ್ತಿಲ್ಲ ಮೇಡಂ" ಅಂದರೆ "ಯಾರಿಗಮ್ಮಾ ಆಗ್ತಿದೆ?" ಎಂಬ ಉತ್ತರ ಸಿದ್ಧವಿರುತ್ತದೆ. ಅದೇ ಮಾತನ್ನು ಹೀಗೆ ಹೇಳಿ: "ಮೇಡಂ, 14 ದಿನದಲ್ಲಿ 9 ನೈಟ್ ಬಿದ್ದಿದೆ, ಎರಡು ಸಲ ಡಬಲ್ ಡ್ಯೂಟಿ. ಏಳನೇ ನೈಟ್‌ನಲ್ಲಿ ಪೊಟ್ಯಾಸಿಯಂ ಡೈಲ್ಯೂಷನ್ (ಮದ್ದಿಗೆ ದ್ರವ ಬೆರೆಸುವ ಪ್ರಮಾಣ) ತಪ್ಪಾಗಿತ್ತು, ಡಬಲ್ ಚೆಕ್‌ನಲ್ಲಿ ಸಿಕ್ತು, ರೋಗಿಗೆ ಹೋಗಲಿಲ್ಲ. 6 ವಾರ ಈ ಮೂರು ಬದಲಾವಣೆ ಮಾಡಿಕೊಡಿ." ಸತತ 3 ನೈಟ್‌ಗಿಂತ ಹೆಚ್ಚಿಲ್ಲ, ನೈಟ್ ಮುಗಿದ ಮೇಲೆ ಎರಡು ಪೂರ್ತಿ ದಿನ ಆಫ್, ಡಬಲ್ ಡ್ಯೂಟಿ ಬೇಡ: ನನ್ನ ಹಾಳೆಯಲ್ಲಿದ್ದದ್ದು ಇಷ್ಟೇ. ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ. ಒಬ್ಬರೇ ಮೂರು ವೆಂಟಿಲೇಟರ್ ನೋಡುತ್ತಿದ್ದರೆ ಅದನ್ನೂ ತಾರೀಖಿನ ಸಮೇತ ಬರೆಯಿರಿ. ಅಲ್ಲಿ ಬಳಲಿಕೆ ನಿಮ್ಮ ಸ್ವಭಾವದ ಕೊರತೆಯಲ್ಲ, ಕೈಗಳ ಕೊರತೆ.

ಅಲಾರಂ ಹೊರೆ ಇಳಿಸುವುದು ಸ್ವಲ್ಪ ನಮ್ಮ ಕೈಯಲ್ಲೂ ಇದೆ. ರೋಗಿಯ ಎದೆಗೆ ಅಂಟಿಸುವ ಇಸಿಜಿ ಎಲೆಕ್ಟ್ರೋಡ್‌ಗಳನ್ನು ದಿನಾ ಬದಲಿಸಿ, ಅಂಟಿಸುವ ಮೊದಲು ಚರ್ಮ ಒರೆಸಿ ಒಣಗಿಸಿ. ಡ್ಯೂಟಿ ಆರಂಭದಲ್ಲೇ ವೈದ್ಯರನ್ನು ಕೇಳಿ ಪ್ರತಿ ರೋಗಿಗೆ ತಕ್ಕಂತೆ ಮಾನಿಟರ್ ಮಿತಿಗಳನ್ನು ಹೊಂದಿಸಿ. ಸುಳ್ಳು ಅಲಾರಂ ಗಣನೀಯವಾಗಿ ಇಳಿಯುತ್ತದೆ.

ರಜೆ ನಾನು 10 ದಿನ ಹಾಕಿದೆ. ಮೊದಲ 4 ದಿನ ಬರೀ ನಿದ್ದೆ, ಊಟ. ಈ ಹಂತದಲ್ಲಿ ನೆಗಡಿ, ತಲೆನೋವು ಕಾಣಿಸಿಕೊಳ್ಳಬಹುದು, ರಜೆ ದಂಡವಾಯಿತೆಂದು ಕೊರಗಬೇಡಿ. ಹೆಂಗಸರ ರಜೆ ಮನೆ ಧೂಳು ಹೊಡೆಯುವುದರಲ್ಲಿ, ನೆಂಟರ ಮದುವೆಯಲ್ಲಿ ಕಳೆದುಹೋಗುವುದೇ ದೊಡ್ಡ ತೊಡಕು. "ಈ ಹತ್ತು ದಿನ ಅಡುಗೆ ಒಂದೇ ಹೊತ್ತು ಮಾಡ್ತೀನಿ ಅತ್ತೆ, ಇನ್ನೊಂದು ಹೊತ್ತು ನೀವು ನೋಡ್ಕೊಳ್ಳಿ" ಎಂದು ಮೊದಲೇ ಹೇಳಿಬಿಡಿ. ಐದನೇ ದಿನದಿಂದ ಬೆಳಗಿನ ಬಿಸಿಲಲ್ಲಿ 30 ನಿಮಿಷ ನಡಿಗೆ. ಏಳನೇ ದಿನದಿಂದ ಕೊನೆ ಕಾಣುವ ಒಂದು ಕೈಕೆಲಸ. ಮಲ್ಲಿಗೆ ಮೊಗ್ಗು ಕಟ್ಟುವುದು ಇದಕ್ಕೆ ಹೇಳಿ ಮಾಡಿಸಿದ್ದು: ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಾರಿನ ಒಂದು ಸುತ್ತು, ಒಂದು ಗಂಟು. ಜಾಸ್ತಿ ಎಳೆದರೆ ತೊಟ್ಟು ಕತ್ತರಿಸುತ್ತದೆ, ಸಡಿಲ ಬಿಟ್ಟರೆ ಉದುರುತ್ತದೆ. ಗಮನವೆಲ್ಲ ಬೆರಳ ತುದಿಯಲ್ಲೇ ನಿಲ್ಲುತ್ತದೆ, ಅರ್ಧ ಗಂಟೆಯಲ್ಲಿ ಒಂದು ಮೊಳ ಕಣ್ಣೆದುರು ಇರುತ್ತದೆ. ಮೊಬೈಲ್ ನೋಡುತ್ತಾ ಮಲಗುವುದರಿಂದ ಈ ಬಿಡುವು ಸಿಗುವುದಿಲ್ಲ.

ವಾಪಸಾದ ಮೇಲೆ ಮೊದಲ 2 ವಾರ ನೈಟ್ ಇಲ್ಲ, ಮೂರನೇ ವಾರ ಎರಡೇ ನೈಟ್. ಡ್ಯೂಟಿ ಮುಗಿದರೆ ಯೂನಿಫಾರ್ಮ್ ಆಸ್ಪತ್ರೆಯಲ್ಲೇ ಬದಲಿಸಿ, ವಾರ್ಡಿನ ವಾಟ್ಸಾಪ್ ಗ್ರೂಪ್ ಮ್ಯೂಟ್. ತುರ್ತಿದ್ದರೆ ಫೋನ್ ಮಾಡುತ್ತಾರೆ. ಹ್ಯಾಂಡೋವರ್‌ನಲ್ಲಿ ಬೆಡ್ ನಂಬರ್ ಜೊತೆ ರೋಗಿಯ ಹೆಸರು, ಅವರ ಬದುಕಿನ ಒಂದು ವಿವರ ಹೇಳುವುದನ್ನು ಕಡ್ಡಾಯ ಮಾಡಿಕೊಂಡೆ: ರೇಷ್ಮೆ ಸಾಕುವ ಅಜ್ಜಿ, ಲಾರಿ ಓಡಿಸುವವರು, ಪಿಯುಸಿ ಹುಡುಗ. ಒಬ್ಬರಿಗೆ ಐದು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಮೂರು ಅಂಕೆಗಳಲ್ಲಿ ಮೊದಲು ಮೇಲೇರಿದ್ದು ಮಾತಿನದ್ದು, ಕೆಲಸದ ಭರವಸೆ ಏರಲು ಎರಡು ತಿಂಗಳು ಹಿಡಿಯಿತು. ಡೈರಿ ಈಗಲೂ ಪ್ರತಿ ತಿಂಗಳ ಮೊದಲ 7 ದಿನ ಬರೆಯುತ್ತೇನೆ. ಯಾವುದೇ ಎರಡು ಅಂಕೆ ಸತತ ಮೂರು ಡ್ಯೂಟಿಯಲ್ಲಿ 4ಕ್ಕಿಂತ ಕೆಳಗಿಳಿದರೆ, ಮುಂದಿನ ರೋಸ್ಟರ್ ಹಾಕುವ ಮೊದಲೇ ಹಾಳೆ ಹಿಡಿದು ಮೇಡಂ ಹತ್ತಿರ ಹೋಗುತ್ತೇನೆ.