ಕಸದ ಗಾಡಿಯ ಹಿಡಿಕೆಗೆ ಮುಚ್ಚಳ ಮಾಡಿದ ಬಗೆ

ಜೂನ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಬೀದಿಗೆ ಕಸ ಒಯ್ಯಲು ಬರುವ ಅಕ್ಕ ಗೇಟಿನ ಮುಂದೆ ಗಾಡಿಯನ್ನು ಓರೆ ಮಾಡಿದರು. ಹಿಡಿಕೆಯ ಕೊಳವೆಯ ತುದಿಯಿಂದ ತುಕ್ಕಿನ ಕಂದು ನೀರು ಸುರಿದು ಅವರ ಕೈಯನ್ನೂ ಸೀರೆಯ ಸೆರಗನ್ನೂ ತೋಯಿಸಿತು. ಅವರು ಅದನ್ನು ಒರೆಸಿಕೊಂಡ ರೀತಿಯಲ್ಲೇ ಇದು ದಿನನಿತ್ಯದ ಸಂಗತಿ ಎಂದು ತಿಳಿಯುತ್ತಿತ್ತು. ಬಲ ಅಂಗೈಯಲ್ಲಿ ಅರ್ಧಚಂದ್ರದಂತಹ ಗಾಯದ ಗುರುತೂ ಇತ್ತು. ಕೇಳಿದರೆ, "ಮೊದಲು ಇದಕ್ಕೆ ಕಪ್ಪು ಮುಚ್ಚಳ ಇತ್ತು ಅಣ್ಣಾ, ಗೋಡೆಗೆ ತಾಗಿ ಎಲ್ಲೋ ಬಿದ್ದುಹೋಯಿತು. ಆಮೇಲೆ ಪೈಪಿನ ಅಂಚು ಕೈಗೆ ತಾಗುತ್ತದೆ" ಎಂದರು.

ನಾನು ಮಂಗಳೂರಿನ ಬೈಕಂಪಾಡಿಯ ಸಣ್ಣ ಘಟಕವೊಂದರಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳ ವಿನ್ಯಾಸ ಮಾಡುತ್ತೇನೆ. ಹೀಗೆ ಬಿದ್ದುಹೋಗುವ ಮುಚ್ಚಳಗಳನ್ನು ಕುರ್ಚಿ, ಮೇಜು, ಸ್ಟೂಲುಗಳ ಕಾಲಿಗೆ ಎಷ್ಟೋ ಬಾರಿ ನಾನೇ ಬರೆದುಕೊಟ್ಟಿದ್ದೇನೆ. ಸುತ್ತಲೂ ಏಣುಗಳಿರುವ ಬಿರಡೆಯನ್ನು ಕೊಳವೆಯೊಳಗೆ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ, ಬಿಗಿತವೊಂದೇ ಅದನ್ನು ಹಿಡಿದಿಡುತ್ತದೆ. ಕುರ್ಚಿಯ ಮೇಲೆ ಕುಳಿತವರ ಭಾರ ಮುಚ್ಚಳವನ್ನು ಒಳಕ್ಕೇ ತಳ್ಳುವುದರಿಂದ ಅಲ್ಲಿ ಅಷ್ಟು ಸಾಕು. ಗಾಡಿಯ ಹಿಡಿಕೆಯ ಕಥೆ ಬೇರೆ. ಅದು ಕಾಂಪೌಂಡಿನ ಮೂಲೆಗೆ ಉಜ್ಜುತ್ತದೆ, ಲಾರಿಗೆ ಕಸ ಸುರಿಯುವಾಗ ಬಡಿಯುತ್ತದೆ, ಕಲ್ಲಿನ ರಸ್ತೆಯಲ್ಲಿ ದಿನವಿಡೀ ಅದುರುತ್ತದೆ. ಬಿಸಿಲಿಗೆ ಕಾದು ಮಳೆಗೆ ತಣಿಯುವಾಗ ಪ್ಲಾಸ್ಟಿಕ್ ಉಕ್ಕಿಗಿಂತ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಹೀಗೆ ಕೆಲವೇ ತಿಂಗಳಲ್ಲಿ ಬಿಗಿತ ಹೋಗಿ ಮುಚ್ಚಳ ಬೀಳುತ್ತದೆ. ಅದಕ್ಕೆ ಕೊಕ್ಕೆ ಬೇಕು ಎಂದು ಅಂದೇ ತೀರ್ಮಾನಿಸಿದೆ. ಮುಚ್ಚಳದಿಂದ ಚಾಚಿದ ನಾಲಿಗೆಯೊಂದು ಕೊಳವೆಯೊಳಗೆ ಬಾಗಿ ಸಾಗಬೇಕು, ಕೊಳವೆಗೆ ಕೊರೆದ ರಂಧ್ರ ಸಿಕ್ಕೊಡನೆ ಅದರ ಕೊಕ್ಕೆ 'ಟಕ್' ಎಂದು ಅಲ್ಲಿ ಕೂರಬೇಕು. ಸ್ಕ್ರೂ, ರಿವೆಟ್, ಅಂಟು ಯಾವುದೂ ಬೇಡ.

ಗಾಡಿಯ ಹಿಡಿಕೆ 25.4 ಮಿ.ಮೀ. ಹೊರವ್ಯಾಸದ ಬೆಸುಗೆ ಕೊಳವೆ, ಗೋಡೆ 1.6 ಮಿ.ಮೀ. ದಪ್ಪ. ಲೆಕ್ಕದ ಪ್ರಕಾರ ಒಳವ್ಯಾಸ 22.2 ಮಿ.ಮೀ. ನಾನು ಅದನ್ನೇ ನಂಬಿ ಬಿರಡೆಯನ್ನು 22 ಮಿ.ಮೀ.ಗೆ ಬರೆದೆ. ಆದರೆ ಇಂತಹ ಕೊಳವೆಯನ್ನು ಉಕ್ಕಿನ ಪಟ್ಟಿಯನ್ನು ಸುರುಳಿಸಿ ಅಂಚುಗಳನ್ನು ಬೆಸೆದು ಮಾಡುತ್ತಾರೆ, ಬೆಸುಗೆಯ ಏಣು ಉದ್ದಕ್ಕೂ ಒಳಗೆ ಉಳಿಯುತ್ತದೆ. ಹೊರಗಿನ ಏಣನ್ನು ಕೆತ್ತಿ ತೆಗೆಯುತ್ತಾರೆ, ಒಳಗಿನದನ್ನು ಸಾಮಾನ್ಯವಾಗಿ ಹಾಗೆಯೇ ಬಿಡುತ್ತಾರೆ. ಮೊದಲ ಮಾದರಿ ಒಂದು ಕೊಳವೆಯೊಳಗೂ ನೆಟ್ಟಗೆ ಇಳಿಯಲಿಲ್ಲ. ವರ್ನಿಯರ್ ಅಳತೆಗೋಲು ಹಿಡಿದು ಹತ್ತಾರು ತುಂಡುಗಳನ್ನು ಅಳೆದ ಮೇಲೆ ಬಿರಡೆಯನ್ನು 21 ಮಿ.ಮೀ.ಗೆ ಇಳಿಸಿದೆ. ಸುತ್ತ ತೆಳುವಾದ ನಾಲ್ಕು ಏಣುಗಳನ್ನಷ್ಟೇ ಉಳಿಸಿ, ಬೆಸುಗೆ ಎಲ್ಲಿ ಎದುರಾದರೂ ಅಲ್ಲಿಯ ಏಣು ನಲುಗಿ ದಾರಿ ಬಿಡುವಂತೆ ಮಾಡಿದೆ.

ನಾಲಿಗೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲಿಯೇ. ಮುಚ್ಚಳ ಮುರಿಯಬಾರದು ಎಂಬ ಆತಂಕದಲ್ಲಿ ನಾನು ನಾಲಿಗೆಯನ್ನು ಗಿಡ್ಡವಾಗಿಯೂ ದಪ್ಪವಾಗಿಯೂ ಇಟ್ಟೆ: ಉದ್ದ 8 ಮಿ.ಮೀ., ದಪ್ಪ 2.5 ಮಿ.ಮೀ., ಕೊಕ್ಕೆಯ ಎತ್ತರ 1.6 ಮಿ.ಮೀ. ಕೈಗೆ ಗಟ್ಟಿಮುಟ್ಟಾಗಿ ಕಾಣುತ್ತಿತ್ತು. ಕೊಳವೆಯೊಳಗೆ ಒತ್ತಿದಾಗ ಬುಡದಲ್ಲಿ ಬಿಳಿ ಗೆರೆ ಮೂಡಿತು, ಎರಡನೆಯ ಸಲ ಅಲ್ಲಿಯೇ ಮುರಿಯಿತು. ಬಾಗುವ ನಾಲಿಗೆಯ ಬುಡದಲ್ಲಿ ಪ್ಲಾಸ್ಟಿಕ್ ಎಷ್ಟು ಹಿಗ್ಗುತ್ತದೆ ಎಂಬುದಕ್ಕೆ ಸುಲಭವಾದ ಲೆಕ್ಕವಿದೆ. ದಪ್ಪವನ್ನು ಬಾಗುವ ದೂರದಿಂದ ಗುಣಿಸಿ, ಅದನ್ನು 1.5ರಿಂದ ಗುಣಿಸಿ, ಉದ್ದದ ವರ್ಗದಿಂದ ಭಾಗಿಸಬೇಕು. ನನ್ನ ನಾಲಿಗೆಗೆ ಇದು ಶೇ. 9 ದಾಟುತ್ತಿತ್ತು. ಪಾಲಿಪ್ರೊಪಿಲೀನ್‌ನಂತಹ ಬಾಗುವ ವಸ್ತುವಿನಲ್ಲಿಯೂ ಶೇ. 4ರ ಆಚೆಗೆ ಹೋಗಲು ನನಗೆ ಧೈರ್ಯವಿಲ್ಲ. ದಪ್ಪ ಹೆಚ್ಚಿಸಿದಷ್ಟೂ ನಾಲಿಗೆ ಬೇಗ ಮುರಿಯುತ್ತದೆ ಎಂಬುದನ್ನು ನಮ್ಮ ಘಟಕಕ್ಕೆ ಬರುವ ಹೊಸ ಹುಡುಗರಿಗೆ ಈಗ ಮೊದಲ ದಿನವೇ ಹೇಳುತ್ತೇನೆ. ಉಪಾಯವಿರುವುದು ಉದ್ದದಲ್ಲಿ: ಉದ್ದ ಇಮ್ಮಡಿಯಾದರೆ ಬುಡದ ಹಿಗ್ಗುವಿಕೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಉದ್ದವನ್ನು 16ಕ್ಕೆ ಏರಿಸಿ, ದಪ್ಪವನ್ನು 1.8ಕ್ಕೆ, ಕೊಕ್ಕೆಯನ್ನು 1.4ಕ್ಕೆ ಇಳಿಸಿದೆ. ಲೆಕ್ಕ ಶೇ. 1.5ರ ಒಳಗೆ ಬಂತು. ಬುಡದ ಮೂಲೆಯನ್ನು 1 ಮಿ.ಮೀ. ತ್ರಿಜ್ಯದಲ್ಲಿ ದುಂಡಗೆ ಮಾಡಿದೆ, ಚೂಪಾದ ಮೂಲೆ ಇದ್ದರೆ ಈ ಲೆಕ್ಕಕ್ಕೆ ಅರ್ಥವೇ ಇಲ್ಲ.

ಕೊಕ್ಕೆಯನ್ನು 1.4 ಮಿ.ಮೀ.ಗೆ ಇಳಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಗೋಡೆ 1.6 ಮಿ.ಮೀ. ಇರುವುದರಿಂದ ಕೊಕ್ಕೆ ರಂಧ್ರದ ಬಾಯಿಗಿಂತ ಕೂದಲೆಳೆಯಷ್ಟು ಒಳಗೇ ನಿಲ್ಲುತ್ತದೆ. ದಿನಕ್ಕೆ ಐದಾರು ಗಂಟೆ ಅದೇ ಹಿಡಿಕೆಯನ್ನು ಹಿಡಿಯುವವರ ಬೆರಳಿಗೆ ಅದು ಚುಚ್ಚಬಾರದು.

ಮಾದರಿಗಳನ್ನು 3ಡಿ ಪ್ರಿಂಟರಿನಲ್ಲಿ ತೆಗೆದೆ. ಒಂದು ಎಚ್ಚರಿಕೆ: ನಾಲಿಗೆ ನೆಟ್ಟಗೆ ನಿಲ್ಲುವಂತೆ ಪ್ರಿಂಟ್ ಮಾಡಿದರೆ ಪದರಗಳ ನಡುವೆಯೇ ಸೀಳುತ್ತದೆ, ಮಲಗಿಸಿಯೇ ತೆಗೆಯಬೇಕು. ಹಾಗೆ ತೆಗೆದರೂ ಪ್ರಿಂಟರಿನ ಪ್ಲಾಸ್ಟಿಕ್ ಅಳತೆ ನೋಡಲಿಕ್ಕಷ್ಟೇ ಆಗುತ್ತದೆ, ಬಾಳಿಕೆ ನೋಡಲಿಕ್ಕಲ್ಲ.

ಇಷ್ಟಾದರೂ ನಾನು ತಪ್ಪು ದಾರಿಯಲ್ಲಿಯೇ ಇದ್ದೆ. ಮಳೆಯ ನೀರನ್ನು ಹೊರಗಿಡುವುದೇ ಮುಚ್ಚಳದ ಕೆಲಸ ಎಂದುಕೊಂಡು ಕುತ್ತಿಗೆಯ ಸುತ್ತ ನೀರು ತಡೆಯುವ ಬಳೆಯೊಂದನ್ನು ಕೊಟ್ಟಿದ್ದೆ. ಎದುರುಬದುರಾಗಿ ಎರಡು ಕೊಕ್ಕೆ, ಎರಡು ರಂಧ್ರ, ಎರಡೂ ಹಿಡಿಕೆಯ ಪಕ್ಕಗಳಲ್ಲಿ. ಮುಚ್ಚಳ ಹಾಕಿದ ಹಿಡಿಕೆಯೊಂದನ್ನು ಘಟಕದ ಹಿಂಬದಿಯಲ್ಲಿ ಮಳೆಗೆ ಒಡ್ಡಿ ಇಟ್ಟೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಪಣಂಬೂರಿನ ಕಡಲು ಹತ್ತಿರವೇ ಇರುವುದರಿಂದ ಗಾಳಿಯಲ್ಲಿ ಉಪ್ಪೂ ಇದೆ. ಮೂರು ವಾರ ಕಳೆದು ಮುಚ್ಚಳ ತೆಗೆದಾಗ ಒಳಗೆ ಅರ್ಧ ಲೋಟದಷ್ಟು ನೀರಿತ್ತು. ಬೆಸುಗೆಯ ಏಣಿನ ಪಕ್ಕದ ಸಂದು, ರಂಧ್ರಗಳು, ರಾತ್ರಿ ತಣಿದ ಕೊಳವೆ ಎಳೆದುಕೊಳ್ಳುವ ತೇವದ ಗಾಳಿ, ಹೀಗೆ ನೀರು ಹೋಗಲು ಹತ್ತು ದಾರಿಗಳಿದ್ದವು. ಹೊರಗೆ ಬರಲು ಒಂದೂ ಇರಲಿಲ್ಲ. ನನ್ನ ಬಳೆ ನೀರನ್ನು ಒಳಗೇ ಕೂಡಿಹಾಕುತ್ತಿತ್ತು. ಆ ಅಕ್ಕನ ಕೈಮೇಲೆ ಸುರಿದ ಕಂದು ನೀರನ್ನು ನಾನು ಇನ್ನಷ್ಟು ಹೆಚ್ಚು ಮಾಡಿ ಕೊಡಲು ಹೊರಟಿದ್ದೆ ಎಂಬುದು ಹೊಳೆದಾಗ ನಿಜಕ್ಕೂ ನೊಂದುಕೊಂಡೆ.

ನಮ್ಮ ಹಂಚಿನ ಮಾಡು ಯೋಚಿಸುವುದು ಬೇರೆ ಬಗೆಯಲ್ಲಿ. ಹಂಚು ಗಾಳಿಯನ್ನು ಬಿಡುತ್ತದೆ, ಅಲ್ಪಸ್ವಲ್ಪ ತೇವವನ್ನೂ ಬಿಡುತ್ತದೆ, ಆದರೆ ನೀರು ನಿಲ್ಲಲು ಜಾಗ ಕೊಡುವುದಿಲ್ಲ. ಬಳೆಯನ್ನು ತೆಗೆದುಹಾಕಿದೆ. ಎರಡು ಕೊಕ್ಕೆಗಳ ಬದಲು ಒಂದೇ ಕೊಕ್ಕೆ ಇಟ್ಟೆ, ಅದೂ ಹಿಡಿಕೆಯ ಕೆಳಭಾಗಕ್ಕೆ. ರಂಧ್ರ 8 ಮಿ.ಮೀ. ದುಂಡು, ಕೊಕ್ಕೆ ಅದರೊಳಗೆ ಹಿಡಿಸುವಷ್ಟು ಚಿಕ್ಕ ಚೌಕ. ದುಂಡು ರಂಧ್ರದಲ್ಲಿ ಚೌಕದ ಕೊಕ್ಕೆ ಕೂತಾಗ ಸುತ್ತಲೂ ಉಳಿಯುವ ಸಂದಿನಿಂದ ನೀರು ತಾನಾಗಿ ತೊಟ್ಟಿಕ್ಕುತ್ತದೆ. ಮುಚ್ಚಳವನ್ನು ಹಿಡಿಯುವ ರಂಧ್ರವೇ ನೀರು ಬಿಡುವ ರಂಧ್ರವೂ ಆಯಿತು. ಮೇಲ್ಗಡೆಯಲ್ಲಿ ರಂಧ್ರವೇ ಇಲ್ಲದ್ದರಿಂದ ಮಳೆ ನೇರವಾಗಿ ಒಳಗೆ ಇಳಿಯುವುದೂ ನಿಂತಿತು.

ರಂಧ್ರವನ್ನು ಕೊಳವೆಗೆ ಸತುವಿನ ಲೇಪ ಕೊಡುವ ಮೊದಲೇ ಕೊರೆಯಬೇಕು. ಆಮೇಲೆ ಕೊರೆದರೆ ಅಂಚಿನಲ್ಲಿ ಬರಿಯ ಉಕ್ಕು ತೆರೆದುಕೊಂಡು ನಮ್ಮ ಕರಾವಳಿಯಲ್ಲಿ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಲೇಪ ರಂಧ್ರವನ್ನು ಸ್ವಲ್ಪ ಕಿರಿದಾಗಿಸುವುದರಿಂದ ಡ್ರಿಲ್ ಅನ್ನು ಅರ್ಧ ಮಿ.ಮೀ. ದೊಡ್ಡದು ಹಾಕಿಸಿದೆ. ಕೊರೆದಾಗ ಒಳಗೆ ಏಳುವ ಲೋಹದ ಚೂಪು ಅಂಚನ್ನು (ಬರ್) ಅರದಿಂದ ಉಜ್ಜಿ ತೆಗೆಯದಿದ್ದರೆ ಅದು ಹೋಗುವ ದಾರಿಯಲ್ಲಿಯೇ ಕೊಕ್ಕೆಯ ನೆತ್ತಿಯನ್ನು ಕೆತ್ತಿಹಾಕುತ್ತದೆ.

ಕೊಳವೆಯ ತುದಿಯಿಂದ ರಂಧ್ರಕ್ಕಿರುವ ದೂರ ಕೊನೆಯ ತಲೆನೋವಾಗಿತ್ತು. ಗರಗಸದಲ್ಲಿ ಕತ್ತರಿಸಿದ ತುದಿ ಎಲ್ಲ ಕೊಳವೆಗಳಲ್ಲೂ ಒಂದೇ ಸಮ ಇರುವುದಿಲ್ಲ. ಸ್ವಲ್ಪ ಹೆಚ್ಚುಕಡಿಮೆಯಾದರೂ ಮುಚ್ಚಳ ಗಿಲಕಿಯಂತೆ ಸದ್ದು ಮಾಡುತ್ತಿತ್ತು. ಕೊಕ್ಕೆಯ ಮುಂದಿನ ಇಳಿಜಾರು 30 ಡಿಗ್ರಿ ಇದ್ದದ್ದನ್ನು ಹಾಗೆಯೇ ಬಿಟ್ಟು, ಹಿಂದಿನ ಮುಖವನ್ನು ನೇರ 90 ಡಿಗ್ರಿಯಿಂದ 80ಕ್ಕೆ ಓರೆ ಮಾಡಿದೆ. ಈಗ ಕೊಕ್ಕೆ ಸಂದು ಇರುವಷ್ಟು ಮೇಲೇರಿ ತಾನೇ ಬಿಗಿಯಾಗುತ್ತದೆ. ಅಷ್ಟು ಕಡಿದಾದ ಓರೆಯಲ್ಲಿ ಪ್ಲಾಸ್ಟಿಕ್ ಮತ್ತು ಉಕ್ಕಿನ ನಡುವಿನ ಘರ್ಷಣೆಯೇ ಅದನ್ನು ಜಾರಗೊಡುವುದಿಲ್ಲ. ಇದಕ್ಕೆ ಬೆಲೆಯೂ ಇದೆ. ಕೂತ ಮೇಲೆ ನಾಲಿಗೆ ಪೂರ್ತಿ ಸಡಿಲವಾಗಿ ವಿಶ್ರಾಂತಿಯಲ್ಲಿರಬೇಕು ಎಂಬುದು ಹೀಗೆ 'ಟಕ್' ಎಂದು ಕೂರುವ ಜೋಡಣೆಯ (ಸ್ನ್ಯಾಪ್ ಫಿಟ್) ನಿಯಮ, ಸದಾ ಬಾಗಿಯೇ ಇದ್ದರೆ ಪ್ಲಾಸ್ಟಿಕ್ ನಿಧಾನವಾಗಿ ಸೋಲುತ್ತದೆ. ನನ್ನ ನಾಲಿಗೆ ಒಂದಿಷ್ಟು ಬಾಗಿಯೇ ಇರುತ್ತದೆ. ಗಿಲಕಿಗಿಂತ ಅದು ಲೇಸು ಎಂದು ಒಪ್ಪಿಕೊಂಡೆ.

ಅಚ್ಚಿನ ವಿಷಯದಲ್ಲಿ ಯೆಯ್ಯಾಡಿಯ ಹಿರಿಯ ಡೈ ಕೆಲಸಗಾರರೊಬ್ಬರಿಗೆ ನಾನು ಋಣಿ. ಮುಚ್ಚಳವನ್ನು ನಿಲ್ಲಿಸಿ ಅಚ್ಚು ಹಾಕಿದರೆ ಕೊಕ್ಕೆ ಅಚ್ಚಿನೊಳಗೇ ಸಿಕ್ಕಿಕೊಳ್ಳುತ್ತದೆ, ಬಿಡಿಸಲು ಪಕ್ಕಕ್ಕೆ ಸರಿಯುವ ತುಂಡು ಬೇಕು, ಖರ್ಚು ಏರುತ್ತದೆ. "ಮಲಗಿಸಿ ನೋಡಿ" ಎಂದರು ಅವರು. ಮಲಗಿಸಿದರೆ ಎರಡು ಹೋಳಿನ ಸಾದಾ ಅಚ್ಚೇ ಸಾಕು. ಆದರೆ ಹೋಳುಗಳು ಕೂಡುವ ಗೆರೆ ಮುಚ್ಚಳದ ಮುಖದ ಮೇಲೆ, ಅಂಗೈ ತಾಗುವಲ್ಲಿಯೇ ಬರುತ್ತದೆ. ಆ ಗೆರೆಯಲ್ಲಿ ಅಂಚು ಏಳದಂತೆ ಅವರು ಅಚ್ಚಿನ ಹೋಳುಗಳನ್ನು ಕೈಯಾರೆ ಉಜ್ಜಿ ಕೂಡಿಸಿಕೊಟ್ಟರು. ಮುಖವನ್ನು ಒಳಗಿನಿಂದ ಟೊಳ್ಳು ಮಾಡಲು ಆಗದ ಕಾರಣ ಅದನ್ನು 3.5 ಮಿ.ಮೀ. ದಪ್ಪಕ್ಕೆ ನಿಲ್ಲಿಸಿದೆ, ಹೆಚ್ಚು ದಪ್ಪವಾದರೆ ತಣಿಯುವಾಗ ಕುಳಿ ಬೀಳುತ್ತದೆ.

ವಸ್ತುವಾಗಿ ಪೆಟ್ಟು ತಾಳುವ ಬಗೆಯ ಪಾಲಿಪ್ರೊಪಿಲೀನ್ ಆರಿಸಿದೆ, ಬಿಸಿಲಿಗಾಗಿ ಕಾರ್ಬನ್ ಕಪ್ಪು ಬೆರೆಸಿದೆ. ನೈಲಾನ್ ಹೆಚ್ಚು ಗಟ್ಟಿ, ಆದರೆ ದುಬಾರಿ, ಮೇಲಾಗಿ ನೀರು ಹೀರಿ ಅಳತೆ ಬದಲಿಸಿಕೊಳ್ಳುತ್ತದೆ.

ತೆಗೆಯುವ ದಾರಿಯನ್ನೂ ಯೋಚಿಸಬೇಕಾಯಿತು, ಏಕೆಂದರೆ ಹಿಡಿಕೆಯ ಒಳಗೆ ಕಣಜ ಗೂಡು ಕಟ್ಟುವುದುಂಟು. ಸೈಕಲ್ ಕಡ್ಡಿಯ ಮೊಂಡು ತುಂಡಿನಿಂದ ಕೆಳಗಿನ ರಂಧ್ರದಲ್ಲಿ ಕೊಕ್ಕೆಯನ್ನು ಒಳಕ್ಕೆ ಒತ್ತಿ ಹಿಡಿದರೆ ಮುಚ್ಚಳ ಕೈಗೆ ಬರುತ್ತದೆ.

ಮೊದಲ ಜೋಡಿಯನ್ನು ಆ ಅಕ್ಕನ ಗಾಡಿಗೇ ಹಾಕಿದೆ. ಮುಂದಿನ ಮಳೆಗಾಲ ಮುಗಿದ ಮೇಲೆ ಗೇಟಿನ ಬಳಿ ನಿಲ್ಲಿಸಿ ಕೇಳಿದೆ. ಅವರು ಗಾಡಿಯನ್ನು ಓರೆ ಮಾಡಿ, ಹಿಡಿಕೆಯ ಕೆಳಗೆ ಅಂಗೈ ಒಡ್ಡಿ ತೋರಿಸಿದರು. ಒಣಗಿತ್ತು. "ಮುಚ್ಚಳ ಸರಿ ಇದೆ ಅಣ್ಣಾ, ಈಗ ಚಕ್ರ ಕಿರುಗುಟ್ಟುತ್ತದೆ, ಅದನ್ನು ನೋಡಿ" ಎಂದರು. ಚಕ್ರದ ಬುಶ್ ಅಳತೆ ತೆಗೆದುಕೊಂಡಿದ್ದೇನೆ.