ಯುಗಾದಿ ಕಳೆದ ಮೇಲೆ ಕುಂತಿಬೆಟ್ಟ

ಮೊದಲು ಮನಸ್ಸಿನಲ್ಲಿದ್ದದ್ದು ಕುಮಾರಪರ್ವತ. ಮೈಸೂರಿನ ನಮ್ಮ ಮನೆಯಲ್ಲಿ ಫೆಬ್ರವರಿಯಿಂದಲೇ ಅದರ ಮಾತು ನಡೆದಿತ್ತು. 1,712 ಮೀಟರ್ ಎತ್ತರ, ಶೇಷಪರ್ವತದ ಏರು ಎಂದೆಲ್ಲ ಮಗಳಿಗೆ ಬಣ್ಣಿಸಿಯೂ ಆಗಿತ್ತು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಅಲ್ಲಿನ ಚಾರಣವನ್ನೇ ನಿಲ್ಲಿಸುತ್ತದೆ ಎಂಬುದು ಮಾತ್ರ ನೆನಪಾಗಲಿಲ್ಲ. ಒಣಗಿ ನಿಂತ ಹುಲ್ಲಿಗೆ ಒಂದು ಬೀಡಿಯ ತುಂಡು ಸಾಕು, ಇಲಾಖೆಯನ್ನು ದೂರುವಂತಿರಲಿಲ್ಲ. ಯಾವ ಬೆಟ್ಟ ಎಂದು ಕೇಳುವ ಮೊದಲು ಯಾವ ಬೆಟ್ಟ ತೆರೆದಿದೆ ಎಂದು ಕೇಳಬೇಕಿತ್ತು, ಕೇಳಲಿಲ್ಲ.

ಕೊನೆಗೆ ಹತ್ತಿರದಲ್ಲೇ ಎರಡು ದಿನ ಎಂದು ತೀರ್ಮಾನವಾಯಿತು. ಮೊದಲ ದಿನ ಬೆಳಿಗ್ಗೆ ಪಾಂಡವಪುರದ ಕುಂತಿಬೆಟ್ಟ, ರಾತ್ರಿ ಮೇಲುಕೋಟೆಯಲ್ಲಿ ವಸತಿ, ಮರುದಿನ ನಸುಕಿಗೆ ಯೋಗಾನರಸಿಂಹನ ಬೆಟ್ಟ. ನಾನು, ಹೆಂಡತಿ, ಹನ್ನೆರಡು ವರ್ಷದ ಮಗಳು, ಮಂಡ್ಯದಿಂದ ಬರುವ ಭಾವಮೈದ, ಒಟ್ಟು ನಾಲ್ವರು.

ದಿನ ಗೊತ್ತುಮಾಡುವುದೇ ದೊಡ್ಡ ಕೆಲಸವಾಯಿತು. ನಾನು ಆರಿಸಿದ ಶನಿವಾರಕ್ಕೆ ಕೋಣೆ ಕೇಳಲು ಮೇಲುಕೋಟೆಯ ಒಂದು ಛತ್ರಕ್ಕೆ ಫೋನ್ ಮಾಡಿದರೆ ಆ ಕಡೆಯವರು ನಕ್ಕರು. "ಸ್ವಾಮಿ, ಅದು ವೈರಮುಡಿಯ ವಾರ. ಜಗಲಿಯ ಮೇಲೂ ಜಾಗ ಸಿಗುವುದಿಲ್ಲ." ಮಂಡ್ಯದ ಖಜಾನೆಯಿಂದ ವಜ್ರಖಚಿತ ಕಿರೀಟ ಬಂದು ಚೆಲುವನಾರಾಯಣನ ಮುಡಿಗೇರುವ ಉತ್ಸವ ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಬರುತ್ತದೆ ಎಂಬುದು ಈ ಸೀಮೆಯಲ್ಲಿ ಹುಟ್ಟಿದ ನನಗೆ ತಿಳಿಯದ್ದೇನಲ್ಲ. ಕ್ಯಾಲೆಂಡರ್ ನೋಡಿದ್ದೆ, ಪಂಚಾಂಗ ನೋಡಿರಲಿಲ್ಲ. ಇನ್ನೊಂದು ದಿನ ಹೇಳಿದೆ. "ಭಾವ, ಅವತ್ತು ಹೊಸತೊಡಕು. ಮಟನ್ ಬಿಟ್ಟು ಬೆಟ್ಟ ಹತ್ತಿದವರನ್ನು ಮಂಡ್ಯದಲ್ಲಿ ಯಾರಾದರೂ ಕಂಡಿದ್ದಾರೆಯೇ?" ಎಂದ ಭಾವಮೈದ. ಅಲ್ಲಿಗೆ ಪ್ರಯಾಣ ಯುಗಾದಿಯಿಂದ ಒಂದು ವಾರ ಆಚೆಗೆ ಹೋಯಿತು. ಬಿಸಿಲು ಅಷ್ಟರಮಟ್ಟಿಗೆ ಏರಿತು.

ತಾಲೀಮಿಗೆ ಚಾಮುಂಡಿಬೆಟ್ಟದ ಮೆಟ್ಟಿಲುಗಳಿದ್ದವು. ಮೂರು ಭಾನುವಾರ ಹತ್ತಿದೆವು. ಮೊದಲ ವಾರ ಬರಿಗೈಯಲ್ಲಿ ನಂದಿಯವರೆಗೆ, ಎರಡನೆಯ ವಾರ ತುದಿಯವರೆಗೆ. ಮೂರನೆಯ ವಾರ ಹೊರಡುವ ದಿನದಷ್ಟೇ ನೀರು ತುಂಬಿದ ಚೀಲ ಬೆನ್ನಿಗೆ ಹಾಕಿಕೊಂಡು ಹತ್ತಿದೆವು. ಹತ್ತುವಾಗ ಉಸಿರು, ಇಳಿಯುವಾಗ ಮೊಣಕಾಲು ಎಂಬುದು ಆ ಚೀಲ ಹೊತ್ತ ಮೇಲೆಯೇ ಅರ್ಥವಾದದ್ದು. ಮಗಳ ಚೀಲದ ಪಟ್ಟಿ ಹೆಗಲನ್ನು ಕೆಂಪಗೆ ಮಾಡುತ್ತದೆ ಎಂದೂ ಅಲ್ಲೇ ಗೊತ್ತಾಯಿತು. ಹಳೆಯ ಟವೆಲ್ ತುಂಡು ಸುತ್ತಿ ಹೊಲಿದೆ. ಭಾವಮೈದ ಈ ಯಾವುದಕ್ಕೂ ಬರಲಿಲ್ಲ. ಅವನ ಹೊಸ ಬೂಟಿನ ಕಥೆ ಮುಂದಿದೆ.

ಬೇಸಿಗೆಯ ಬಯಲುಸೀಮೆ ಬೆಟ್ಟ ಎಂದರೆ ಬರೀ ಬಂಡೆ. ನೆರಳಿಲ್ಲ, ಝರಿಯಿಲ್ಲ, ಕಾದ ಕಲ್ಲಿನ ಝಳ ಕೆಳಗಿನಿಂದಲೂ ಹೊಡೆಯುತ್ತದೆ. ಆದ್ದರಿಂದ ಯೋಜನೆಯನ್ನು ಗಡಿಯಾರದ ಮೇಲೆ ಕಟ್ಟಿದೆ, ಅದೂ ಹಿಂದಿನಿಂದ ಮುಂದಕ್ಕೆ. ಹತ್ತು ಗಂಟೆಯೊಳಗೆ ಬುಡದಲ್ಲಿರಬೇಕು. ಹಾಗಾದರೆ ಎಂಟೂವರೆಗೆ, ಎಲ್ಲೇ ಇದ್ದರೂ, ಹಿಂದಿರುಗಬೇಕು. ಹಾಗಾದರೆ ಬೆಳಕು ಹರಿಯುತ್ತಿದ್ದಂತೆ, ಆರೂಕಾಲಿಗೆ, ಮೊದಲ ಮೆಟ್ಟಿಲ ಮೇಲೆ ಕಾಲಿಡಬೇಕು. ಇನ್ನೂ ಬೇಗ, ಕತ್ತಲಲ್ಲೇ ಹತ್ತಿ ಸೂರ್ಯೋದಯ ನೋಡೋಣ ಎಂದು ಭಾವಮೈದ ಹಟ ಹಿಡಿದ. ನಮ್ಮ ಸೀಮೆಯ ಕಲ್ಲುಬೆಟ್ಟಗಳಲ್ಲಿ ಚಿರತೆಗಳಿವೆ. ಮಗುವನ್ನು ಕಟ್ಟಿಕೊಂಡು ಕತ್ತಲಲ್ಲಿ ಪೊದೆ ದಾಟುವ ಧೈರ್ಯ ನನಗಿಲ್ಲ ಎಂದು ಹೇಳಿ ಮುಗಿಸಿದೆ.

ನೀರಿನ ಲೆಕ್ಕ: ಬಿಸಿಲಲ್ಲಿ ನಡೆಯುವಾಗ ತಲೆಗೆ ಗಂಟೆಗೆ ಅರ್ಧ ಲೀಟರ್. ನಾಲ್ಕು ಗಂಟೆಗೆ ಎರಡು ಲೀಟರ್, ನಾಲ್ವರಿಗೆ ಎಂಟು. ಅದರ ಮೇಲೆ ಎರಡು ಲೀಟರ್ ಹೆಚ್ಚುವರಿ. ಒಂದು ಬಾಟಲಿಯಲ್ಲಿ ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಅಳತೆಯಲ್ಲಿ. ಮಜ್ಜಿಗೆ ಒಯ್ಯಬೇಡಿ, ಚಾಮುಂಡಿಬೆಟ್ಟಕ್ಕೆ ಒಯ್ದದ್ದು ಹುಳಿಯೇರಿ, ಮುಚ್ಚಳ ತೆರೆದೊಡನೆ ಹೆಂಡತಿಯ ಮುಖಕ್ಕೆ ಚಿಮ್ಮಿತು. ತೆಂಗಿನತುರಿ ಹಾಕಿದ ಅನ್ನವೂ ಸೆಕೆಗೆ ಬೇಗ ಹಳಸುತ್ತದೆ. ಸೌತೆಕಾಯಿ, ಹುರಿಗಡಲೆ, ಬೆಲ್ಲ, ಹುಣಸೆಹುಳಿ ಹಾಕಿ ಕಲಸಿದ ಪುಳಿಯೋಗರೆ ಸಾಕಾಯಿತು. ಮೇಲುಕೋಟೆಗೆ ಹೋಗುವವರು ಮನೆಯಿಂದ ಪುಳಿಯೋಗರೆ ಕಟ್ಟಿಕೊಂಡು ಹೋಗುವುದು ನಗೆಪಾಟಲು ಎಂದು ಗೊತ್ತು. ಬೆಟ್ಟದ ಮೇಲೆ ಯಾರೂ ನಗಲಿಲ್ಲ.

ಇನ್ನೊಂದು ಮಾತು. ಬಂಡೆಯ ಸಂದುಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅತ್ತರು, ಸೆಂಟು ಬೇಡ. ಹೊಗೆಯಂತೂ ಬೇಡವೇ ಬೇಡ. ಜೇನುಗೂಡು ಕಂಡರೆ ಸದ್ದಿಲ್ಲದೆ ಸುತ್ತು ಹಾಕಿ ಹೋಗುವುದು.

ಆ ದಿನ ಆರೂ ಇಪ್ಪತ್ತಕ್ಕೆ ಹತ್ತತೊಡಗಿದೆವು. ಮೆಟ್ಟಿಲು ಮುಗಿದ ಮೇಲೆ ಬಂಡೆಗಳ ನಡುವೆ ನುಸುಳುವ ದಾರಿ. ಪಾಂಡವರು ಕುಂತಿಯೊಡನೆ ಇಲ್ಲಿದ್ದರೆಂಬ ಕಥೆಯನ್ನು ನಾನು ಹೇಳಿದರೆ, ಟಿಪ್ಪುವಿನ ಕಾಲದಲ್ಲಿ ಫ್ರೆಂಚರು ಇಲ್ಲಿ ಬೀಡುಬಿಟ್ಟಿದ್ದರಿಂದ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು ಎಂದು ಮಗಳು ನನಗೇ ಪಾಠ ಹೇಳಿದಳು. ಏಳೂವರೆಗೆ ಕೆಳಗೆ ಕೆರೆಯೂ ಕಬ್ಬಿನ ಗದ್ದೆಗಳೂ ಕಾಣಿಸಿದವು. ಅಷ್ಟರಲ್ಲಿ ಭಾವಮೈದ ಕುಂಟತೊಡಗಿದ್ದ. ಹೊಸ ಬೂಟು, ತೆಳುವಾದ ಕಾಲುಚೀಲ. ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಬೊಬ್ಬೆ. ಅದಕ್ಕೆ ಅಂಟುಪಟ್ಟಿ ಸುತ್ತುವುದರಲ್ಲಿ ಇಪ್ಪತ್ತು ನಿಮಿಷ ಹೋಯಿತು.

ಎಂಟೂವರೆ ಆದಾಗ ತುದಿಯ ಬಂಡೆ ಇನ್ನೂ ಮೇಲಿತ್ತು. ಕಣ್ಣಿಗೆ ಕಾಣುತ್ತಿತ್ತು, ಹೆಚ್ಚೆಂದರೆ ಕಾಲು ಗಂಟೆಯ ದಾರಿ. ಮಗಳು ನನ್ನ ಮುಖ ನೋಡಿದಳು. ನಾನು ಗಡಿಯಾರ ತೋರಿಸಿದೆ. ಇಳಿಯುವವರೆಗೆ ಅವಳು ನನ್ನೊಡನೆ ಮಾತನಾಡಲಿಲ್ಲ.

ಕೆಳಗೆ ತಲುಪಿದಾಗ ಹತ್ತಕ್ಕೆ ಐದು ನಿಮಿಷ. ಕೊನೆಯ ಬಂಡೆಗಳಿಗೆ ಅಂಗೈ ಊರಲಾಗದಷ್ಟು ಕಾವೇರಿತ್ತು. ಹತ್ತು ಲೀಟರ್‌ನಲ್ಲಿ ಉಳಿದದ್ದು ಮುಕ್ಕಾಲು ಬಾಟಲಿ. ಭಾವಮೈದ ಬೂಟು ಕಳಚಿ, ಆ ನೀರನ್ನು ಕಾಲಿಗೆ ಸುರಿದುಕೊಳ್ಳಲು ಕೈ ಚಾಚಿದ. ಮಗಳು ಬಾಟಲಿಯನ್ನು ಎದೆಗವಚಿಕೊಂಡು, "ಮಾವ, ಮೇಲುಕೋಟೆಯಲ್ಲಿ ಕಲ್ಯಾಣಿ ಇದೆ, ಅಲ್ಲಿಯವರೆಗೆ ತಡೆದುಕೊಳ್ಳಿ" ಎಂದಳು.